ಉಗುರಿನ ವಿದ್ಯೆಗೆ ಎಷ್ಟು ರೊಕ್ಕ?

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯನ್ನು ಮಾಡಿದ ಹಿರಿಯರಿಗೆ, ಮುಂದೊಂದು ದಿನ ಉಗುರಿಗಾಗಿಯೇ ಪಾಠಶಾಲೆಗಳು ಹುಟ್ಟಿಯಾವು, ಅವು ಶುಲ್ಕವೆಂದು ಒಂದೆತ್ತಿನ ಬೆಲೆಯನ್ನು ಕೇಳಿಯಾವು ಎಂಬ ಕಲ್ಪನೆ ಕನಸಿನಲ್ಲಿಯೂ ಬಂದಿರಲಾರದು. ಶುಕ್ರವಾರ ಉಗುರು ತೆಗೆಯಬಾರದು, ಮುಸ್ಸಂಜೆಯಲ್ಲಿ ತೆಗೆಯಬಾರದು, ತೆಗೆದದ್ದನ್ನು ಅಂಗಳದಲ್ಲಿ ಚೆಲ್ಲಬಾರದು ಎಂಬಿಷ್ಟು ಶಾಸ್ತ್ರ ಬಲ್ಲವರಿಗೆ ಉಗುರಿನ ವಿದ್ಯೆ ಅಲ್ಲಿಗೆ ಮುಗಿಯಿತು. ಈಗ ಹಾಗಲ್ಲ. ಉಗುರನ್ನು ಕತ್ತರಿಸುವುದು, ಅರದಿಂದ ತಿದ್ದುವುದು, ಅದರ ಬುಡದ ಒಣ ಚರ್ಮವನ್ನು ಹಿಂದೆ ಸರಿಸುವುದು, ಬಣ್ಣ ಹಚ್ಚುವುದು, ಕೃತಕ ಉಗುರನ್ನು ಕೂಡಿಸಿ ಉದ್ದ ಮಾಡುವುದು, ಅದರ ಮೇಲೆ ಹೂಬಳ್ಳಿ ಬರೆಯುವುದು, ಇಷ್ಟೂ ಸೇರಿ ಒಂದು ಉದ್ಯೋಗವಾಗಿದೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಇದೊಂದನ್ನೇ ನೆಚ್ಚಿ ಬದುಕುವವರಿದ್ದಾರೆ. ಮಾತು ಈಗ ವಿಜಯಪುರ ಜಿಲ್ಲೆಯ ತಾಲೂಕು ಪಟ್ಟಣಗಳ ಮನೆಬಾಗಿಲಿಗೂ ಬಂದು ನಿಂತಿದೆ.

ಇಂಡಿಯ ಪೇಟೆಯಲ್ಲಿ ಇಂಥದೊಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ತಂದೆ ನಿಂಬೆಕಾಯಿಯ ವ್ಯಾಪಾರಿ. ದೊಡ್ಡ ವ್ಯಾಪಾರಿಯಲ್ಲ, ನಾಲ್ಕು ತೋಟಗಳ ಕಾಯಿಯನ್ನು ಹಿಡಿದು ಚೀಲ ತುಂಬಿಸಿ ಕಳುಹಿಸುವವನು. ತಾಯಿ ಮನೆ ನೋಡಿಕೊಂಡು, ಬಿಡುವಿನಲ್ಲಿ ನೆರೆಹೊರೆಯವರ ರವಿಕೆಗಳನ್ನು ಹೊಲಿದು ನಾಲ್ಕು ಕಾಸು ಕೂಡಿಸುವವಳು. ಮಗಳು ಪಿ.ಯು.ಸಿ. ಮುಗಿಸಿ, ಮುಂದೆ ಓದಲು ಮನಸ್ಸಿಲ್ಲದೆ, ಮನೆಯಲ್ಲಿ ಸುಮ್ಮನೆ ಕುಳಿತಿರಲೂ ಮನಸ್ಸಿಲ್ಲದೆ ಇರುವವಳು. ಕೈಚಳಕವುಳ್ಳ ಹುಡುಗಿ. ನಾಗರಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಮದರಂಗಿಗೆ ಕೈ ನೀಡುವುದು ಅವಳ ಮುಂದೆಯೇ. ಒಂದು ರಾತ್ರಿ ಊಟದ ಹೊತ್ತಿಗೆ ಅವಳು ಧೈರ್ಯಮಾಡಿ ಬಾಯಿಬಿಟ್ಟಳು.

"ಅಪ್ಪಾ, ಪುಣೇದಾಗ ಉಗುರಿನ ಕೆಲಸ ಕಲಸ್ತಾರಂತ. ಹದಿನೈದು ದಿನ. ನಲವತ್ತು ಸಾವಿರ ಆಗತೈತಿ."

ತಂದೆಯ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲಿಯೇ ನಿಂತಿತು. "ಉಗುರ ತಗಿಯಾಕ ನಲವತ್ತು ಸಾವಿರ? ನಿಮ್ಮ ಮುತ್ಯಾಗ ಹಡಪದ ಕಾಕಾ ವರ್ಷಾನಗಟ್ಲೆ ತಗೀತಿದ್ದ. ರಾಶಿ ಆದಾಗ ಕಣಕ್ಕ ಬಂದು ಜ್ವಾಳ ಒಯ್ತಿದ್ದ. ಮುಗೀತು."

ತಾಯಿ ಮಾತ್ರ ಏನನ್ನೂ ಹೇಳಲಿಲ್ಲ. ಅಂಚೆಕಚೇರಿಯ ಪುಸ್ತಕದಲ್ಲಿ ಮಗಳ ಹೆಸರಿಗೆ ಅವಳು ಕೂಡಿಟ್ಟ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದು ಲಗ್ನದಲ್ಲಿ ಎರಡು ಬಳೆಗೆಂದು ಇಟ್ಟದ್ದು. ಎರಡು ಬಳೆಯೋ, ಹದಿನೈದು ದಿನದ ವಿದ್ಯೆಯೋ ಎಂಬ ಲೆಕ್ಕವನ್ನು ಹಾಕತಕ್ಕವಳು ಅವಳೇ ಆದ್ದರಿಂದ, ಮಾತಿಗೆ ಅವಸರಪಡುವ ಕಾರಣವಿರಲಿಲ್ಲ.

ಹಡಪದ ಕಾಕಾನ ಹೆಸರು ಬಂದದ್ದರಿಂದ ಅದರ ಹಿನ್ನೆಲೆಯನ್ನು ತುಸು ನೋಡುವುದು ಒಳ್ಳೆಯದು. ಉಗುರು ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಕ್ಷೌರಿಕನ ಕೆಲಸದಲ್ಲಿಯೇ ಒಂದು ಭಾಗವಾಗಿತ್ತು. ಆತ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಧಾನ್ಯರೂಪದಲ್ಲಿ ಅವನ ಪಾಲು ಅವನಿಗೆ ಸಲ್ಲುತ್ತಿತ್ತು. ಕಲಿಕೆಗೆ ಶುಲ್ಕವಿರಲಿಲ್ಲ, ತಂದೆಯ ಪಕ್ಕದಲ್ಲಿ ಕುಳಿತ ಮಗ ನೋಡಿ ಕಲಿಯುತ್ತಿದ್ದ. ಶುಲ್ಕವಿರಲಿಲ್ಲವೆಂಬುದು ನಿಜ, ಆದರೆ ಬೇರೊಬ್ಬರ ಕಾಲು ಮುಟ್ಟಿ ಉಗುರು ತೆಗೆದವನಿಗೆ ಊರು ಕೊಟ್ಟ ಸ್ಥಾನವೆಂಥದು ಎಂಬುದೂ ಅಷ್ಟೇ ನಿಜ. ಆ ಬೆಲೆಯನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ.

ಈ ಜಿಲ್ಲೆಯಲ್ಲಿಯೇ ಆ ಬೆಲೆಯನ್ನು ಪ್ರಶ್ನಿಸಿದವರೂ ಹುಟ್ಟಿದರು. ಬಸವಣ್ಣನವರ ಊರಾದ ಬಸವನ ಬಾಗೇವಾಡಿಯ ತಾಲೂಕಿನಲ್ಲಿ ಮಸಬಿನಾಳವೆಂಬ ಗ್ರಾಮವಿದೆ. ಹಡಪದ ಅಪ್ಪಣ್ಣನವರ ಜನ್ಮಸ್ಥಳವೆಂದು ಅದು ಪ್ರಸಿದ್ಧ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ತೀರ ಆಪ್ತರಾಗಿದ್ದ ಅಪ್ಪಣ್ಣನವರು ವಚನಕಾರರು. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಹಡಪವೆಂದರೆ ಎಲೆ ಅಡಿಕೆಯ ಚೀಲ. ಕ್ಷೌರಿಕನ ಸಾಮಾನಿನ ಚೀಲಕ್ಕೂ ಅದೇ ಹೆಸರು. ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ತಂಗಡಗಿಯಲ್ಲಿ ಅಪ್ಪಣ್ಣನವರ ಹೆಸರಿನ ಪೀಠವಿದೆ. ಹೀಗೆ ಮಸಬಿನಾಳದಿಂದ ತಂಗಡಗಿಯವರೆಗೆ, ಒಂದೇ ಜಿಲ್ಲೆಯ ಎರಡು ತಾಲೂಕುಗಳಲ್ಲಿ, ಕತ್ತರಿ ಹಿಡಿದ ಕೈಗೂ ಗೌರವ ಸಲ್ಲಬೇಕೆಂಬ ನೆನಪು ಉಳಿದುಬಂದಿದೆ. ಅದೇ ನೆಲದಲ್ಲಿ ಇಂದು ನಿಂಬೆ ವ್ಯಾಪಾರಿಯ ಮಗಳು ಹಣ ಕೊಟ್ಟು ಆ ಕೆಲಸ ಕಲಿಯುತ್ತೇನೆನ್ನುತ್ತಾಳೆ. ತಂದೆಗೆ ನಲವತ್ತು ಸಾವಿರದ ಮಾತು ನುಂಗಲಾಗದಿದ್ದರೂ, ಒಳಗೆ ಇನ್ನೊಂದು ಮಾತೂ ತೊಡಕಾಗಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಹೊಸ ಉದ್ಯೋಗದ ವಂಶಾವಳಿ ಬೇರೆ. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ದಿನಗಳಾದ 1932ರಲ್ಲಿ ರೆವ್ಲಾನ್ ಸಂಸ್ಥೆ ಆರಂಭವಾದದ್ದು ಉಗುರಿನ ಬಣ್ಣವೊಂದನ್ನೇ ಮುಂದಿಟ್ಟುಕೊಂಡು. ಹೊಟ್ಟೆಗೆ ಕಡಿಮೆಯಾದ ಕಾಲದಲ್ಲಿಯೂ ಸಣ್ಣ ಸೀಸೆಯ ಬಣ್ಣಕ್ಕೆ ಗಿರಾಕಿಗಳಿದ್ದರು. ನಮ್ಮಲ್ಲಿ 1952ರಲ್ಲಿ ಟಾಟಾದವರು ಲ್ಯಾಕ್ಮೆಯನ್ನು ಹುಟ್ಟುಹಾಕಿದರು. ಹೊರದೇಶದ ಶೃಂಗಾರ ಸಾಮಗ್ರಿಗೆ ಹೋಗುತ್ತಿದ್ದ ಹಣ ದೇಶದಲ್ಲಿಯೇ ಉಳಿಯಲೆಂಬುದು ಅದರ ಉದ್ದೇಶ. ಕೃತಕ ಉಗುರಿನ ಕಥೆ ಇನ್ನೂ ವಿನೋದವಾದದ್ದು. ಫಿಲಡೆಲ್ಫಿಯಾದ ಫ್ರೆಡ್ ಸ್ಲ್ಯಾಕ್ ಎಂಬ ದಂತವೈದ್ಯನ ಉಗುರು 1954ರಲ್ಲಿ ಮುರಿಯಿತಂತೆ. ಆತ ಹಲ್ಲಿಗೆ ಬಳಸುವ ಅಕ್ರಿಲಿಕ್ ಅಂಟನ್ನೇ ತೆಗೆದುಕೊಂಡು, ಕೆಳಗೆ ತಗಡಿನ ಹಾಳೆಯಿಟ್ಟು, ಬೆರಳ ತುದಿಯಲ್ಲಿ ಹೊಸ ಉಗುರನ್ನು ಎರಕಹೊಯ್ದ. ಹಲ್ಲಿನ ಔಷಧಶಾಲೆಯಿಂದ ಹೊರಟ ಆ ಪುಡಿ ಮತ್ತು ದ್ರವಗಳೇ ಇಂದಿನ ಅಕ್ರಿಲಿಕ್ ಉಗುರುಗಳ ಮೂಲ.

ಕಲಿಕೆಯ ವೆಚ್ಚದ ಪ್ರಶ್ನೆಗೆ ಸಂಬಂಧಿಸಿದಂತೆ ಇನ್ನೊಂದು ಸಂಗತಿ ಹೆಚ್ಚು ಪ್ರಯೋಜನಕರ. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದು, ನಿರಾಶ್ರಿತ ಕುಟುಂಬಗಳು ಕ್ಯಾಲಿಫೋರ್ನಿಯಾದ ಶಿಬಿರಗಳಿಗೆ ಬಂದಿಳಿದವು. ಸ್ಯಾಕ್ರಮೆಂಟೋ ನಗರದ ಬಳಿಯ ಒಂದು ಶಿಬಿರಕ್ಕೆ ಟಿಪ್ಪಿ ಹೆಡ್ರನ್ ಎಂಬ ಚಿತ್ರನಟಿ ಸಹಾಯಕ್ಕೆಂದು ಹೋಗುತ್ತಿದ್ದಳು. ಹಿಚ್‌ಕಾಕ್‌ನ ಪಕ್ಷಿಗಳ ಚಿತ್ರದಲ್ಲಿ ನಟಿಸಿದ್ದವಳು. ಹೊಲಿಗೆ, ಬೆರಳಚ್ಚು ಮುಂತಾದ ಕೆಲಸಗಳನ್ನು ಕಲಿಸಲು ನೋಡುತ್ತಿದ್ದಾಗ, ಅಲ್ಲಿನ ಹೆಂಗಸರ ಕಣ್ಣೆಲ್ಲ ತನ್ನ ಉಗುರಿನ ಮೇಲಿರುವುದನ್ನು ಅವಳು ಗಮನಿಸಿದಳು. ಒಡನೆಯೇ ತನ್ನ ಉಗುರಿನ ಕೆಲಸದವಳನ್ನು ವಾರವಾರವೂ ಕರೆತಂದು ಕಲಿಸಿದಳು. ಅನಂತರ ಸಮೀಪದ ಸಿಟ್ರಸ್ ಹೈಟ್ಸ್ ಎಂಬ ಊರಿನ ಶಾಲೆಯಲ್ಲಿ ಪ್ರವೇಶ ದೊರಕಿಸಿದಳು. ಆ ಊರಿನ ಹೆಸರಿನಲ್ಲಿಯೂ ನಿಂಬೆಯ ಕುಲವೇ ಇದೆಯೆಂಬುದನ್ನು ಇಂಡಿಯವರು ಗಮನಿಸಬಹುದು! ಸುಮಾರು 20 ಮಂದಿ ಹೆಂಗಸರು ಪರೀಕ್ಷೆ ಮುಗಿಸಿ ಹೊರಬಂದರು. ತಂಗಿಗೆ ಅಕ್ಕ, ನಾದಿನಿಗೆ ಅತ್ತಿಗೆ ಕಲಿಸುತ್ತ ಹೋದರು. ಇಂದು ಅಮೆರಿಕದ ಉಗುರಿನ ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಜನ ವಿಯೆಟ್ನಾಂ ಮೂಲದವರು.

ಅವರಿಗೆ ಈ ಉದ್ಯೋಗವೇ ಏಕೆ ಒದಗಿತು? ಭಾಷೆ ಬಾರದಿದ್ದರೂ ನಡೆಯುತ್ತಿತ್ತು. ಬಂಡವಾಳ ಸ್ವಲ್ಪವೇ ಸಾಕಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಕೆಯ ಅವಧಿ ಚಿಕ್ಕದಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಉಗುರಿನ ಕೆಲಸದ ಪರವಾನಗಿಗೆ ಇಂದು 400 ಗಂಟೆಗಳ ಶಿಕ್ಷಣ ಬೇಕು, ನ್ಯೂಯಾರ್ಕಿನಲ್ಲಿ 250. ದಿನಕ್ಕೆ ಎಂಟು ಗಂಟೆಯಂತೆ ಹಿಡಿದರೂ ಮೊದಲನೆಯದು 50 ದಿನ, ಎರಡನೆಯದು ತಿಂಗಳಿಗಿಂತ ಒಂದೆರಡು ದಿನ ಹೆಚ್ಚು. ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪುಣೆಯ ಹದಿನೈದು ದಿನಗಳನ್ನು ನೋಡಬೇಕು. ದಿನಕ್ಕೆ ಆರು ಗಂಟೆಯೆಂದರೆ ಒಟ್ಟು 90. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಂಥ ಪರವಾನಗಿಯ ಕಟ್ಟಳೆಯಿಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಇದರಿಂದ ಬಡವರಿಗೆ ಅನುಕೂಲವುಂಟು. ಆದರೆ ಕಲಿಸುವವನು ಯಾರು, ಅವನ ಪ್ರಮಾಣಪತ್ರಕ್ಕೆ ಬೆಲೆಯೇನು ಎಂದು ಕೇಳುವವರಿಲ್ಲದಂತಾಗಿರುವುದೂ ಇದರಿಂದಲೇ. ಹೊಳೆಯುವ ಕಾಗದದಲ್ಲಿ, ಚಿನ್ನದ ಮುದ್ರೆಯೊಡನೆ, ಅಂತರರಾಷ್ಟ್ರೀಯವೆಂಬ ದೊಡ್ಡಕ್ಷರದ ಪತ್ರಗಳನ್ನು ಮುದ್ರಿಸುವುದು ಕಷ್ಟದ ಕೆಲಸವಲ್ಲ.

ಹಾಗಾದರೆ ಹಣವಿಲ್ಲದೆ ಕಲಿಯುವ ದಾರಿಯೇ ಇಲ್ಲವೆ? ಉಂಟು. ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಈ ಮೂವರು ಕೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ಹೆಸರನ್ನು ಅನೇಕರು ಕೇಳಿರಬಹುದು. ವಿಜಯಪುರದಲ್ಲಿಯೂ ಅದರ ಶಾಖೆಯಿದೆ. ಇದೇ ಮಾದರಿಯನ್ನು ಹಿಡಿದು ಕೇಂದ್ರ ಸರ್ಕಾರವು ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ತರಬೇತಿ ಕೇಂದ್ರಗಳನ್ನು ತೆರೆಯಿಸಿತು. ಗ್ರಾಮಾಂತರದ, ಹದಿನೆಂಟು ತುಂಬಿದ ನಿರುದ್ಯೋಗಿಗಳಿಗೆ ಇಲ್ಲಿ ತರಬೇತಿ ಉಚಿತ. ಊಟ ವಸತಿಗಳೂ ಉಚಿತ. ಹೆಂಗಸರಿಗಾಗಿ ಇರುವ ಶಿಕ್ಷಣಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯೂ ಒಂದು. ಅದರ ಅವಧಿ ಸುಮಾರು ಒಂದು ತಿಂಗಳು. ಹುಬ್ಬು ತಿದ್ದುವುದು, ಮುಖಲೇಪನ, ಕೂದಲು ಕತ್ತರಿಸುವುದು, ಮದುಮಗಳ ಅಲಂಕಾರ, ಮೆಹಂದಿ ಇವುಗಳ ಜೊತೆಗೆ ಕೈಕಾಲು ಉಗುರುಗಳ ಆರೈಕೆಯೂ ಪಾಠದಲ್ಲಿ ಸೇರುತ್ತದೆ. ಲೆಕ್ಕ ಬರೆಯುವುದು, ಗಿರಾಕಿಯೊಡನೆ ಮಾತನಾಡುವುದು, ಬ್ಯಾಂಕಿಗೆ ಅರ್ಜಿ ಹಾಕುವುದು ಇವನ್ನೂ ಹೇಳಿಕೊಡುತ್ತಾರೆ. ಮುಗಿದ ಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುವ ಪದ್ಧತಿಯೂ ಇದೆ. ಕೃತಕ ಉಗುರಿನ ಸೂಕ್ಷ್ಮಗಳೆಲ್ಲ ಒಂದು ತಿಂಗಳ ಆ ಸರ್ವಸಾಮಾನ್ಯ ಪಾಠದಲ್ಲಿ ಸಿಕ್ಕಾವೆಂದು ನಿರೀಕ್ಷಿಸಬಾರದು, ಅಷ್ಟೇ.

ಹತ್ತನೆಯ ತರಗತಿ ಮುಗಿಸಿದವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ವೃತ್ತಿಶಿಕ್ಷಣವುಂಟು. ಈ ವಿಭಾಗವಿರುವ ಸಂಸ್ಥೆ ಎಲ್ಲ ಊರುಗಳಲ್ಲಿ ಇರುವುದಿಲ್ಲ, ವಿಚಾರಿಸಿ ಹೋಗಬೇಕು. ಸರ್ಕಾರಿ ಸಂಸ್ಥೆಯಾದರೆ ಶುಲ್ಕ ಹಗುರ, ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿಯೂ ಸೌಂದರ್ಯವೃತ್ತಿಯ ಚಿಕ್ಕ ಅವಧಿಯ ಉಚಿತ ಶಿಕ್ಷಣಗಳಿವೆ.

ಪ್ರಯಾಣದ ವೆಚ್ಚವನ್ನೂ ಮರೆಯುವಂತಿಲ್ಲ. ವಿಜಯಪುರಕ್ಕೆ ಬಸವನ ಬಾಗೇವಾಡಿಯಿಂದ ಸುಮಾರು 45, ಇಂಡಿ ಮತ್ತು ಸಿಂದಗಿಗಳಿಂದ 60ರ ಆಸುಪಾಸು, ಮುದ್ದೇಬಿಹಾಳದಿಂದ 80 ಕಿಲೋಮೀಟರಿನ ಹತ್ತಿರ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಒಬ್ಬ ತಾಯಿ ಮಗಳನ್ನು ಕರೆದುಕೊಂಡು ವಿಜಯಪುರದ ನಾಲ್ಕು ಸಂಸ್ಥೆಗಳ ಮೆಟ್ಟಿಲು ಹತ್ತಿಳಿದು, ಕಣ್ಣಾರೆ ನೋಡಿ ಬರಲು ಈಗ ದಿನವೊಂದೇ ಖರ್ಚು. ಇಂಡಿಯವರಿಗೆ ಸೊಲ್ಲಾಪುರವೂ ಹತ್ತಿರವೇ. ಆದರೆ ಅದು ಮಹಾರಾಷ್ಟ್ರ, ಈ ಉಚಿತ ಪ್ರಯಾಣ ಅಲ್ಲಿಗೆ ನಡೆಯುವುದಿಲ್ಲ. ಪುಣೆಯ ಮಾತಂತೂ ದೂರವೇ ಉಳಿಯಿತು.

ಇನ್ನು ಖಾಸಗಿ ಶಾಲೆಗಳು. ಕೆಲವು ಸಾವಿರಗಳಿಂದ ಹಿಡಿದು ಲಕ್ಷವನ್ನು ಮೀರಿದ ಶುಲ್ಕದವರೆಗೆ ಇವುಗಳ ವ್ಯಾಪ್ತಿ. ಎಲ್ಲರೂ ಮೋಸಗಾರರೆನ್ನಲಾಗದು, ಒಳ್ಳೆಯ ಕೈಯಿಂದ ಕಲಿತವಳ ಕೆಲಸದ ಅಂದವೇ ಬೇರೆ. ಆದರೆ ಶುಲ್ಕದ ಅಂಕಿಯೊಂದನ್ನೇ ನೋಡಿ ಹೊರಡುವುದು ಸಲ್ಲದು. ನಿಂಬೆ ವ್ಯಾಪಾರಿಯ ಮನೆಯ ಲೆಕ್ಕವನ್ನೇ ಬಿಡಿಸೋಣವೆಂದರೆ: ಶುಲ್ಕ 40,000, ಖಾಸಗಿ ತರಬೇತಿಯ ಮೇಲಿನ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ 18ರಂತೆ 7,200, ಊರು ಬಿಟ್ಟು ಹದಿನೈದು ದಿನ ಇರುವುದಕ್ಕೂ ತಿನ್ನುವುದಕ್ಕೂ 8,000 ಎಂದಿಟ್ಟುಕೊಳ್ಳಿ, ಊರಿಗೆ ಬಂದಮೇಲೆ ದೀಪ, ಯಂತ್ರ, ಅರ, ಅಂಟು, ಬಣ್ಣಗಳಿಗೆ 15,000 ಎಂದಿಟ್ಟುಕೊಳ್ಳಿ. ಒಟ್ಟು 70,200 ರೂಪಾಯಿ. ನಲವತ್ತು ಸಾವಿರವೆಂದು ಊಟದ ಹೊತ್ತಿನಲ್ಲಿ ಕೇಳಿದ್ದು ಮಲಗುವ ಹೊತ್ತಿಗೆ ಎಪ್ಪತ್ತಾಯಿತು. ಪ್ರತಿ ಗಿರಾಕಿಯಿಂದ, ಸಾಮಾನಿನ ಖರ್ಚು ಕಳೆದು, ಕೈಯಲ್ಲಿ 200 ರೂಪಾಯಿ ಉಳಿಯುವುದೆಂದರೆ, ಹಾಕಿದ ಹಣ ಮರಳಲು 351 ಗಿರಾಕಿಗಳು ಬೇಕು. ದಿನಕ್ಕೊಬ್ಬರಂತೆ ತಪ್ಪದೆ ಬಂದರೂ ಹೆಚ್ಚುಕಡಿಮೆ ಒಂದು ವರ್ಷ. ಅಂಗಡಿಯ ಬಾಡಿಗೆ ಬೇರೆ.

ತೆರಿಗೆಯ ಮಾತು ಬಂದದ್ದಕ್ಕೆ ಒಂದು ಕೌತುಕ. 2025ರ ಸೆಪ್ಟೆಂಬರ್ 22ರಿಂದ ಕ್ಷೌರ, ಸೌಂದರ್ಯಸೇವೆಗಳ ಮೇಲಿನ ತೆರಿಗೆಯನ್ನು ನೂರಕ್ಕೆ 18ರಿಂದ 5ಕ್ಕೆ ಇಳಿಸಲಾಯಿತು. ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳುವವಳಿಗೆ 5, ಹಚ್ಚುವುದನ್ನು ಕಲಿಯುವವಳಿಗೆ 18! ವಾರ್ಷಿಕ ವಹಿವಾಟು 20 ಲಕ್ಷ ದಾಟದ ಚಿಕ್ಕವರಿಗೆ ನೋಂದಣಿಯ ಗೋಜೇ ಇಲ್ಲವಾದ್ದರಿಂದ, ತಾಲೂಕು ಪಟ್ಟಣದ ಸಣ್ಣ ಪಾರ್ಲರಿನಾಕೆಗೆ ಇದರ ಬಿಸಿ ತಟ್ಟುವುದು ಕಲಿಯುವಾಗ ಮಾತ್ರ.

351 ಗಿರಾಕಿಗಳು ಸಿಂದಗಿಯಲ್ಲಿಯೋ ಮುದ್ದೇಬಿಹಾಳದಲ್ಲಿಯೋ ಎಲ್ಲಿಂದ ಬರಬೇಕು? ಇಲ್ಲಿಯೇ ಪುಣೆಯ ಪಾಠಕ್ಕೂ ಈ ನೆಲದ ಬದುಕಿಗೂ ಇರುವ ಅಂತರ ಕಾಣುವುದು. ವಿಜಯಪುರ ಬಿಳಿಜೋಳದ ಸೀಮೆ. ಇಲ್ಲಿನ ಮನೆಗಳಲ್ಲಿ ದಿನ ಬೆಳಗಾದರೆ ರೊಟ್ಟಿ ಬಡಿಯುವ ಸದ್ದು. ಬಿಸಿನೀರಿನಲ್ಲಿ ಕಲಸಿದ ಹಿಟ್ಟನ್ನು ಅಂಗೈಯಿಂದ ನಾದಿ, ಬೆರಳುಗಳನ್ನು ಅಗಲಿಸಿ, ತಟ್ಟಿ ತಟ್ಟಿ ಹರವಬೇಕು. ಒಂದಂಗುಲದ ಕೃತಕ ಉಗುರನ್ನು ಅಂಟಿಸಿಕೊಂಡ ಕೈಯಿಂದ ಜೋಳದ ರೊಟ್ಟಿ ಬಡಿದ ಸೊಸೆಯನ್ನು ಈವರೆಗೆ ಯಾವ ಅತ್ತೆಯೂ ಕಂಡಿರಲಾರಳು. ಉಗುರು ಉಳಿದರೆ ರೊಟ್ಟಿ ಹರಿಯುತ್ತದೆ, ರೊಟ್ಟಿ ಉಳಿದರೆ ಉಗುರು ಹೋಗುತ್ತದೆ. ಉಗುರು ಹಿಟ್ಟಿನೊಳಗೆ ಹೋದರಂತೂ ಮಾತೇ ಬೇಡ. ಪುಣೆಯ ಕಚೇರಿಗಳಲ್ಲಿ ದುಡಿಯುವ ಹೆಣ್ಣುಮಗಳು ಮೂರು ವಾರಕ್ಕೊಮ್ಮೆ ಬಂದು ತುಂಬಿಸಿಕೊಂಡು ಹೋಗುವಂತೆ ಇಲ್ಲಿನ ಗೃಹಿಣಿ ಬರುವುದಿಲ್ಲ. ಅವಳು ಬರುವುದು ತಂಗಿಯ ಲಗ್ನಕ್ಕೆ, ಮಗನ ಜಾವಳಕ್ಕೆ. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಬಿಡುವಿಲ್ಲ. ಆಷಾಢದಲ್ಲಿ ನೊಣ ಹೊಡೆಯಬೇಕು.

ಮತ್ತೂ ಒಂದು ಮಾತು. ಈ ಪಟ್ಟಣಗಳಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ನಮಾಜಿಗೆ ಮೊದಲು ಕೈಕಾಲು ತೊಳೆಯುವಾಗ ನೀರು ಉಗುರಿಗೆ ತಾಗಬೇಕೆಂಬ ನಿಯಮವಿರುವುದರಿಂದ, ಪದರವಾಗಿ ಕೂಡುವ ಬಣ್ಣವನ್ನು ಅನೇಕ ಹೆಂಗಸರು ಒಲ್ಲರು. ಮೆಹಂದಿಗೆ ಆ ತೊಡಕಿಲ್ಲ. ಇದನ್ನರಿಯದೆ ಜೆಲ್ ಬಣ್ಣದ ನೂರು ಸೀಸೆಗಳನ್ನು ಸಾಲಾಗಿಟ್ಟವಳು ಅವನ್ನು ನೋಡುತ್ತ ಕೂಡಬೇಕಾದೀತು. ವರ್ಷವಿಡೀ ನಡೆಯುವ ಕೆಲಸವೆಂದರೆ ಕಾಲಿನದು. ಎರೆಮಣ್ಣಿನಲ್ಲಿ, ಬಿಸಿಲಿನಲ್ಲಿ, ಬರಿಗಾಲಿನಲ್ಲಿ ತಿರುಗಿ ಒಡೆದ ಹಿಮ್ಮಡಿಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಬಿಸಿನೀರಿನಲ್ಲಿ ಕಾಲಿಟ್ಟು ತಿಕ್ಕಿಸಿಕೊಂಡು, ಉಗುರು ತೆಗೆಸಿಕೊಂಡು ಹೋಗುವ ಐವತ್ತು ದಾಟಿದ ಹೆಂಗಸೇ ಊರಿನ ಪಾರ್ಲರನ್ನು ಬದುಕಿಸುವ ಗಿರಾಕಿ. ಆ ವಿದ್ಯೆ ಒಂದು ತಿಂಗಳ ಉಚಿತ ಪಾಠದಲ್ಲಿಯೇ ಇದೆ.

ಹಾಗೆಂದು ಉಗುರಿನ ವಿದ್ಯೆ ಅಲ್ಪವಾದದ್ದೆಂದು ಯಾರೂ ತಿಳಿಯಬಾರದು. ಅದರಲ್ಲಿ ಕೈಚಳಕಕ್ಕಿಂತ ಹೆಚ್ಚು ಕಲಿಯಬೇಕಾದದ್ದು ಅಪಾಯಗಳನ್ನು. ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಅವಸರದಲ್ಲಿ ಯಂತ್ರವನ್ನು ಒತ್ತಿ ಉಗುರನ್ನು ತೆಳ್ಳಗೆ ಕೊರೆದುಬಿಟ್ಟರೆ, ಅಥವಾ ಅಂಟಿದ್ದನ್ನು ಅಸಿಟೋನಿನಲ್ಲಿ ನೆನೆಸಿ ಬಿಡಿಸುವ ಬದಲು ಕಿತ್ತುತೆಗೆದರೆ, ಆ ಗಾಯ ಪೂರ್ಣವಾಗಿ ಬೆಳೆದು ಹೋಗಲು ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಾದರೆ ವರ್ಷವೂ ಮೀರುತ್ತದೆ. ಉಗುರಿನ ಬುಡದ ಚರ್ಮವು ಕೊಳೆ ಒಳಗೆ ಹೋಗದಂತೆ ಕಾಯುವ ಬಾಗಿಲು. ಅಂದಕ್ಕೆಂದು ಅದನ್ನು ಆಳವಾಗಿ ಕತ್ತರಿಸಿದರೆ ಉಗುರುಸುತ್ತು ಬರುತ್ತದೆ. ಬೆರಳಿಗೆ ನಿಂಬೆಹಣ್ಣನ್ನು ಸಿಕ್ಕಿಸಿಕೊಂಡು ರಾತ್ರಿ ಕಳೆದವರಿಗೆ ಆ ನೋವನ್ನು ವರ್ಣಿಸಿ ಹೇಳಬೇಕಾದದ್ದಿಲ್ಲ. ಒಬ್ಬರಿಗೆ ಬಳಸಿದ ಸಲಕರಣೆಯನ್ನು ಶುದ್ಧಿಮಾಡದೆ ಇನ್ನೊಬ್ಬರಿಗೆ ಬಳಸಿದರೆ ಬೂಷ್ಟಿನ ಸೋಂಕಷ್ಟೇ ಅಲ್ಲ, ರಕ್ತದಿಂದ ಹರಡುವ ಕಾಮಾಲೆಯಂಥ ರೋಗಗಳೂ ದಾಟಿಯಾವು.

ಕೆಲಸದವಳ ಆರೋಗ್ಯದ ಮಾತನ್ನು ಜಾಹೀರಾತುಗಳು ಎತ್ತುವುದೇ ಇಲ್ಲ. ಗಿರಾಕಿ ಕುಳಿತೇಳುವುದು ಒಂದು ಗಂಟೆ. ಇವಳು ಆ ಧೂಳು, ಆ ವಾಸನೆಗಳಲ್ಲಿ ದಿನವಿಡೀ. ಗಾಳಿ ಆಡುವ ಕೋಣೆ, ಮುಖಕ್ಕೆ ಮುಸುಕು, ಕೈಗವಸು ಇವು ಅಲಂಕಾರಗಳಲ್ಲ. ಅಕ್ರಿಲಿಕ್ ದ್ರವಗಳಲ್ಲಿ ಮೀಥೈಲ್ ಮೆಥಾಕ್ರಿಲೇಟ್ ಎಂಬುದನ್ನು ಹಾನಿಕರವೆಂದು ಅಮೆರಿಕದ ಅಧಿಕಾರಿಗಳು 1970ರ ದಶಕದಲ್ಲಿಯೇ ಪೇಟೆಯಿಂದ ತೆಗೆಸಿದರು. ಅಗ್ಗವೆಂಬ ಕಾರಣಕ್ಕೆ ಅದು ಮತ್ತೆ ಮತ್ತೆ ತಲೆಯೆತ್ತುತ್ತದೆ. ಜೆಲ್ ಬಣ್ಣವನ್ನು ದೀಪದ ಕೆಳಗೆ ಗಟ್ಟಿಯಾಗಿಸಲು ಬಳಸುತ್ತಿದ್ದ ಟಿ.ಪಿ.ಓ. ಎಂಬ ವಸ್ತುವನ್ನು ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿತು. ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತ ಹೋದರೆ ಒಂದು ದಿನ ತುರಿ, ಗುಳ್ಳೆಗಳು ಏಳುತ್ತವೆ. ಅನಂತರ ಆ ಜಾತಿಯ ವಸ್ತುಗಳು ಜೀವಮಾನವಿಡೀ ಒಗ್ಗದೆ ಹೋಗುತ್ತವೆ. ಹಲ್ಲು ತುಂಬಿಸುವ ವಸ್ತುವೂ ತೊಂದರೆ ಕೊಡಬಹುದೆಂದು ಚರ್ಮವೈದ್ಯರು ಎಚ್ಚರಿಸುತ್ತಾರೆ. ದಂತವೈದ್ಯನ ಕಪಾಟಿನಿಂದ ಹೊರಟದ್ದು ಮರಳಿ ಅಲ್ಲಿಗೇ ಹೋಗಿ ನಿಲ್ಲುವುದೆಂದರೆ ಹೀಗೆ. ಆದ್ದರಿಂದ ಶಾಲೆಯನ್ನು ಆರಿಸುವ ತಾಯಿ, ಎಷ್ಟು ಬಗೆಯ ಹೂಬಳ್ಳಿ ಕಲಿಸುತ್ತೀರೆಂದು ಕೇಳುವ ಮೊದಲು, ಸಲಕರಣೆಗಳನ್ನು ಹೇಗೆ ಶುದ್ಧಿಮಾಡುತ್ತೀರಿ, ಸೀಸೆಯಲ್ಲಿರುವುದು ಏನು, ಮಗಳು ಎಷ್ಟು ಜೀವಂತ ಕೈಗಳ ಮೇಲೆ ಕೆಲಸ ಮಾಡಬೇಕಾಗುತ್ತದೆ, ಅಭ್ಯಾಸದ ಸಾಮಾನು ಶುಲ್ಕದಲ್ಲಿ ಸೇರಿದೆಯೋ ಬೇರೆಯೋ, ನಡುವೆ ಬಿಟ್ಟರೆ ಹಣ ಮರಳುವುದೋ ಎಂದು ಕೇಳಲಿ. ಉತ್ತರ ಕೊಡಲು ಬೇಸರಪಡುವ ಕಡೆ ಹಣ ಕಟ್ಟದಿರುವುದು ಲೇಸು.

ಅಂಗಡಿ ಹಾಕುವ ಹಂತಕ್ಕೆ ಬಂದವರಿಗೆ ಸಾಲದ ದಾರಿಯುಂಟು. 2015ರಿಂದ ನಡೆದಿರುವ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಒತ್ತೆಯಿಲ್ಲದೆ ಸಾಲ ದೊರೆಯುತ್ತದೆ. 2023ರ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಮುಂದೆ ನೂರಕ್ಕೆ 5ರ ಬಡ್ಡಿಯಲ್ಲಿ ಸಾಲ. ಉಗುರಿನ ಕೆಲಸವೆಂಬ ಹೆಸರು ಆ ಪಟ್ಟಿಯಲ್ಲಿಲ್ಲ. ನಿಂಬೆ ವ್ಯಾಪಾರಿಯ ಮಗಳಿಗೆ ಸಲ್ಲದ ಈ ನೆರವು ಹಡಪದ ಕಾಕಾನ ಮೊಮ್ಮಗನಿಗೆ ಸಲ್ಲುತ್ತದೆ. ಕಾಲವು ಒಮ್ಮೊಮ್ಮೆ ಹೀಗೂ ಲೆಕ್ಕ ತೀರಿಸುವುದುಂಟು.

ಇಂಡಿಯ ಆ ಮನೆಯಲ್ಲಿ ಮಾತು ನಾಲ್ಕು ದಿನ ನಡೆಯಿತು. ಐದನೆಯ ದಿನ ತಾಯಿ ಹೊಲಿಗೆಯ ಯಂತ್ರವನ್ನು ನಿಲ್ಲಿಸಿ ಹೇಳಿದಳು: "ನೋಡ್ರಿ, ಬಳೆ ರೊಕ್ಕ ಈಗ ಮುಟ್ಟೂದು ಬ್ಯಾಡ. ಮೊದಲ ವಿಜಾಪುರದಾಗ ಒಂದು ತಿಂಗಳು ಕಲೀಲಿ. ಬಂದು ನನ್ನ ಹೊಲಿಗಿ ಖೋಲ್ಯಾಗ ಒಂದು ಕುರ್ಚಿ ಹಾಕ್ಕೊಂಡು ಕೂಡಲಿ. ಬರೂ ಯುಗಾದಿಗೆ ಗಿರಾಕಿ ಬಂದು 'ಉದ್ದನ್ನ ಉಗುರ ಹಚ್ಚವ್ವಾ' ಅಂತ ಕೇಳಿದ್ರ, ಆವಾಗ ಪುಣೇಕ ಹೋಗಲಿ. ನಾನೇ ಕಳಸ್ತೀನಿ."

ಮಗಳಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮುಖ ಊದಿಸಿಕೊಂಡೇ ಬಸ್ಸು ಹತ್ತಿದಳು. ತಿಂಗಳು ಮುಗಿಸಿ ಬಂದವಳು ಅಂದೇ ಸಂಜೆ ತಂದೆಯನ್ನು ಕಟ್ಟೆಯ ಮೇಲೆ ಕೂಡಿಸಿ, ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟು, ಅವನ ಕಾಲುಗಳನ್ನು ಅದರಲ್ಲಿಳಿಸಿದಳು. ಹಾದಿಯಲ್ಲಿ ಹೋಗುವವರು ನೋಡುತ್ತಾರೆಂದು ಅವನು ಎರಡು ಸಲ ಕಾಲೆಳೆದುಕೊಂಡ, ಅವಳು ಬಿಡಲಿಲ್ಲ. ಒಂಬತ್ತು ಬೆರಳುಗಳ ಉಗುರು ತೆಗೆದಾಯಿತು. ಬಲಗಾಲಿನ ಹೆಬ್ಬೆರಳಿಗೆ ಬಂದಾಗ ಕತ್ತರಿ ನಿಂತಿತು. ಉಗುರಿನ ಅಂಚು ಮಾಂಸದೊಳಗೆ ಇಳಿದು ಸುತ್ತಲೂ ಕೆಂಪಾಗಿತ್ತು. ಅವನಿಗೆ ಸಕ್ಕರೆ ಕಾಯಿಲೆಯಿದ್ದು ಆರು ವರ್ಷ.

"ಅಪ್ಪಾ, ಇದು ಎಷ್ಟು ದಿನದಿಂದ ಹಿಂಗೈತಿ?"

"ಅದೇನ ಬಿಡು, ನಿಂಬೀ ಮುಳ್ಳ ಚುಚ್ಚಿತ್ತು. ತಗದ ಒಗಿ ಅತ್ತ."

ಅವಳು ಕತ್ತರಿಯನ್ನು ಕೆಳಗಿಟ್ಟು, ಕಾಲನ್ನು ಒಣಬಟ್ಟೆಯಿಂದ ಒರೆಸಿದಳು. "ಇದು ನಂದಲ್ಲ, ಡಾಕ್ಟರ್ ಕೆಲಸ. ನಾಳೆ ಮುಂಜಾನೆ ದವಾಖಾನಿಗೆ ನಡಿ," ಎಂದು ಎದ್ದು, ನೀರು ಚೆಲ್ಲಲು ಹಿತ್ತಿಲಿಗೆ ಹೋದಳು.